ಹೆಸರಿಲ್ಲದ ಇಪ್ಪತ್ತೆರಡು ಚೀಟಿ

ಶಿಕ್ಷಕರ ತರಬೇತಿ ಸಭೆ ಹೇಗೆ ನಡೆಸಬೇಕು ಎಂದು ಯಾರಾದರೂ ಕೇಳಿದರೆ ನಾನು ಗಂಟೆಗಟ್ಟಲೆ ಮಾತಾಡುತ್ತೇನೆ. ವರ್ಷಗಟ್ಟಲೆ ಅದೇ ಕೆಲಸ ಮಾಡಿದವಳು ನಾನು. ಆದರೆ ನಾನು ನಡೆಸಿದ ಮೊದಲನೇ ಸಭೆಯ ವಿಷಯ ಮಾತ್ರ ಯಾರ ಮುಂದೆಯೂ ಎತ್ತಿರಲಿಲ್ಲ. ಆ ಸಭೆಯಿಂದಾಗಿ ನನಗೆ ಅಕ್ಷರ ಕಲಿಸಿದ ಮೇಷ್ಟ್ರ ಕೈತಪ್ಪಿ ಅವರ ಒಂದನೇ ತರಗತಿ ಹೋಯಿತು. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ತುಂಬ ಅಚ್ಚುಕಟ್ಟಾಗಿ, ಹಾಳೆಯ ಮೇಲೆ ಗೆರೆ ಎಳೆದು, ನಿಮಿಷ ನಿಮಿಷಕ್ಕೂ ಯೋಜನೆ ಹಾಕಿ ಮಾಡಿದ್ದು.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನನಗೆ ಇಪ್ಪತ್ತಮೂರು ವರ್ಷ. ಯಡಿಯೂರು ಕೆರೆಯ ಆಚೆ ಹೆಂಚಿನ ಮಾಡಿನ ಮೂರು ಕೋಣೆಯ ಒಂದು ಪ್ರೈಮರಿ ಶಾಲೆಯಲ್ಲಿ ನಾನು ಉಪಾಧ್ಯಾಯಿನಿ. ಜಯನಗರ ಎಂದರೆ ಆಗ ಹೆಚ್ಚಾಗಿ ಕಲ್ಲು ನೆಟ್ಟ ಸೈಟುಗಳು. ರಸ್ತೆ ಮಾತ್ರ ಅಗಲ, ಮನೆ ಅಲ್ಲೊಂದು ಇಲ್ಲೊಂದು. ಸಸಿಗಳಿಗೆ ಮುಳ್ಳಿನ ಬೇಲಿ ಕಟ್ಟಿದ್ದರು, ಅದನ್ನು ದಾಟಿ ಮೇಕೆಗಳು ಮೇಯುತ್ತಿದ್ದವು. ಸಂಜೆ ಶಾಲೆ ಬಿಟ್ಟ ಮೇಲೆ ನಾನು ಸೀರೆಯ ನೆರಿಗೆ ಎತ್ತಿ ಹಿಡಿದು ಆ ಖಾಲಿ ರಸ್ತೆಗಳಲ್ಲಿ ಬಸ್ಸಿನವರೆಗೂ ನಡೆಯುತ್ತಿದ್ದೆ.

ನಮ್ಮ ಹಳ್ಳಿ ಸುಬ್ರಹ್ಮಣ್ಯಪುರದ ಆಚೆ, ಉತ್ತರಹಳ್ಳಿ ರಸ್ತೆಯಿಂದ ಒಳಕ್ಕೆ. ರಾಗಿ, ಅವರೆ, ಒಂದಿಷ್ಟು ಹೂವು ಬೆಳೆಯುವ ಮನೆಗಳು. ಅಲ್ಲಿ ನಾಲ್ಕನೇ ತರಗತಿಯವರೆಗೆ ಒಂದು ಶಾಲೆ, ಇಬ್ಬರು ಮೇಷ್ಟ್ರು. ಒಬ್ಬರು ಬರುತ್ತಿದ್ದರು, ವರ್ಗವಾಗಿ ಹೋಗುತ್ತಿದ್ದರು. ಇನ್ನೊಬ್ಬರು ಮಾತ್ರ ಮೂವತ್ತು ವರ್ಷದಿಂದ ಅಲ್ಲೇ ಇದ್ದರು, ಅದೂ ಒಂದನೇ ತರಗತಿಗೇ. ಬೇರೆ ತರಗತಿ ಕೊಡುತ್ತೇವೆಂದರೂ ಒಲ್ಲೆ ಎನ್ನುತ್ತಿದ್ದರು. ಊರಿನಲ್ಲಿ ಅವರನ್ನು ಬರಿಯ ಮೇಷ್ಟ್ರು ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ.

ಮೇಷ್ಟ್ರಿಗೆ ತರಬೇತಿ ಆಗಿರಲಿಲ್ಲ. ಅವರ ಕಾಲದಲ್ಲಿ ಓದು ಬರಹ ಬಂದರೆ ಸಾಕಿತ್ತು. ಅವರು ಅಕ್ಷರ ಕಲಿಸುತ್ತಿದ್ದದ್ದು ಮರಳಿನ ಮೇಲೆ. ಮಳೆಗಾಲ ಮುಗಿದ ಮೇಲೆ ಹಳ್ಳದಿಂದ ಮರಳು ತಂದು, ತೊಳೆದು, ಜರಡಿ ಹಿಡಿದು, ಕೋಣೆಯ ನೆಲದ ಮೇಲೆ ಹರಡುತ್ತಿದ್ದರು. ಒಂದೊಂದು ಮಗುವಿನ ಮುಂದೆ ಮಂಡಿಯೂರಿ, ಅದರ ತೋರುಬೆರಳನ್ನು ತಮ್ಮ ಮುಷ್ಟಿಯೊಳಗೆ ಹಿಡಿದು ತಿದ್ದಿಸುತ್ತಿದ್ದರು. ನನ್ನ ಬೆರಳನ್ನೂ ಹಾಗೇ ಹಿಡಿದಿದ್ದರು. ಹೆಣ್ಣುಮಗಳಿಗೆ ಇಷ್ಟು ಓದು ಸಾಕು ಎಂದು ಅಪ್ಪ ಹೇಳಿದಾಗ, ಮೂರು ದಿನ ಬೆಳಿಗ್ಗೆ ಬೆಳಿಗ್ಗೆ ನಮ್ಮ ಜಗುಲಿಯ ಮೇಲೆ ಬಂದು ಕೂತು, ಕೊನೆಗೆ ಅಪ್ಪನ ಕೈಯಲ್ಲಿ ಹೂಂ ಅನ್ನಿಸಿ ನನ್ನನ್ನು ಪೇಟೆಯ ಶಾಲೆಗೆ ಸೇರಿಸಿದವರೂ ಅವರೇ. ಇಷ್ಟು ಹೇಳಿದರೆ ಸಾಕು ಅಂದುಕೊಳ್ಳುತ್ತೇನೆ.

ಇನ್ನು ಸಭೆಯ ವಿಷಯ. ತಿಂಗಳಿಗೊಂದು ಶನಿವಾರ ಸುತ್ತಲಿನ ಶಾಲೆಗಳ ಉಪಾಧ್ಯಾಯರೆಲ್ಲ ಒಂದು ಶಾಲೆಯಲ್ಲಿ ಸೇರಬೇಕಿತ್ತು. ಒಬ್ಬರು ಮಾದರಿ ಪಾಠ ಮಾಡಬೇಕು. ಉಳಿದವರು ಹಿಂದೆ ಕೂತು ನೋಡಿ, ಪಾಠ ಹೇಗಿತ್ತು ಎಂದು ಹೇಳಬೇಕು. ಕಲಿಸುವವರೂ ಒಬ್ಬರನ್ನೊಬ್ಬರು ನೋಡಿ ಕಲಿಯಲಿ ಎಂಬುದು ಉದ್ದೇಶ. ನಡೆಯುತ್ತಿದ್ದದ್ದೇ ಬೇರೆ. ಪಾಠ ಮುಗಿದ ಕೂಡಲೇ ಎಲ್ಲರಿಗಿಂತ ಹಿರಿಯರೊಬ್ಬರು ಎದ್ದು "ಪಾಠ ಬಹಳ ಚೆನ್ನಾಗಿ ಮೂಡಿಬಂತು" ಎನ್ನುತ್ತಿದ್ದರು. ಆಮೇಲೆ ವಯಸ್ಸಿನ ಪ್ರಕಾರ ಒಬ್ಬೊಬ್ಬರೇ ಎದ್ದು "ಹಿರಿಯರು ಹೇಳಿದ್ದಕ್ಕೆ ನನ್ನ ಒಪ್ಪಿಗೆ" ಎಂದು ಕೂರುತ್ತಿದ್ದರು. ಆಮೇಲೆ ಉಪ್ಪಿಟ್ಟು, ಕಾಫಿ. ಪಾಠ ಹೇಗೇ ಇರಲಿ, ಮಾತು ಇದೇ. ಒಂದು ಸಲ ಒಬ್ಬರು ಭೂಪಟವನ್ನು ತಲೆಕೆಳಗಾಗಿ ತೂಗುಹಾಕಿ ಪೂರ್ತಿ ಪಾಠ ಮಾಡಿದ್ದರು. ಅದೂ ಬಹಳ ಚೆನ್ನಾಗಿ ಮೂಡಿಬಂದಿತ್ತು.

ಆ ವರ್ಷ ಸಭೆಯ ಕಾರ್ಯದರ್ಶಿ ಕೆಲಸವನ್ನು ನಮ್ಮ ಹೆಡ್‌ಮೇಷ್ಟ್ರು ನನ್ನ ತಲೆಗೆ ಕಟ್ಟಿದರು.

"ನೀವೇ ಸೆಕ್ರೆಟರಿ ಆಗ್ಬಿಡಿ ಅಮ್ಮ. ದೊಡ್ಡ ಕೆಲ್ಸ ಏನಿಲ್ಲ. ರವೆ ಜಾಸ್ತಿ ಹುರೀದೇ ಇರೋ ಹಾಗೆ ನೋಡ್ಕೊಂಡ್ರೆ ಆಯ್ತು."

"ಪಾಠ ಸಾರ್?"

"ಪಾಠ ಅದಷ್ಟಕ್ಕೆ ಅದು ಆಗುತ್ತೆ. ಉಪ್ಪಿಟ್ಟು ತಣ್ಣಗಾದ್ರೆ ಮಾತ್ರ ನಿಮ್ಮನ್ನ ಯಾರೂ ಬಿಡಲ್ಲ."

ನನಗೆ ಮೈ ಉರಿಯಿತು. ತರಬೇತಿ ಮುಗಿಸಿ ಬಂದು ಎರಡು ವರ್ಷವಾಗಿತ್ತು, ಕಲಿತದ್ದೆಲ್ಲ ಇನ್ನೂ ಬಿಸಿಬಿಸಿ ಇತ್ತು. ಅಲ್ಲಿ ನಾವು ಒಬ್ಬರ ಪಾಠವನ್ನೊಬ್ಬರು ಸೀಳಿ ಹಾಕುತ್ತಿದ್ದೆವು, ಸಂಜೆ ಒಟ್ಟಿಗೆ ಕೂತು ಊಟ ಮಾಡುತ್ತಿದ್ದೆವು. ಇಲ್ಲಿಯೂ ಹಾಗೇ ಆಗಬೇಕು ಎಂದು ಹಟ ಹಿಡಿದೆ. ಬಾಯಿಬಿಟ್ಟು ಹೇಳುವುದಕ್ಕೆ ದಾಕ್ಷಿಣ್ಯವಾದರೆ ಚೀಟಿಯಲ್ಲಿ ಬರೆಯಲಿ. ಹೆಸರು ಬೇಡ. ಚಾಕ್‌ಪೀಸಿನ ಖಾಲಿ ಡಬ್ಬಿಗೆ ಹಾಕಲಿ. ನಾನು ಒಂದೊಂದನ್ನೇ ತೆಗೆದು ಜೋರಾಗಿ ಓದುತ್ತೇನೆ. ಎಷ್ಟು ಚೆಂದದ ಯೋಜನೆ ಎಂದು ನನಗೆ ನಾನೇ ಶಭಾಷ್ ಅಂದುಕೊಂಡೆ.

ಅಷ್ಟರಲ್ಲಿ ಇನ್ಸ್‌ಪೆಕ್ಟರು ಶಾಲೆ ನೋಡಲು ಬಂದವರು ಹೊರಡುವ ಮುಂಚೆ ನನ್ನನ್ನು ಕರೆದರು. ಒಳ್ಳೆಯ ಮನುಷ್ಯ. ಬಸವನಗುಡಿಯವರು, ಕೋಟು ಪೇಟ, ಮೆತ್ತನೆಯ ಮಾತು.

"ಆ ಹಳ್ಳಿ ಮೇಷ್ಟ್ರು ನಿಮಗೆ ಗೊತ್ತೇನಮ್ಮ?"

"ನಂಗೆ ಅಕ್ಷರ ಕಲಿಸಿದೋರು ಸಾರ್."

"ಹಾಗಾದ್ರೆ ನಿಮಗೇ ಹೇಳ್ತೀನಿ. ಒಂದನೇ ಕ್ಲಾಸಿಗೆ ಟ್ರೈನಿಂಗ್ ಆದೋರನ್ನೇ ಹಾಕ್ಬೇಕು ಅಂತ ಮೇಲಿಂದ ಬಂದಿದೆ. ಅವರಿಗೆ ಟ್ರೈನಿಂಗ್ ಇಲ್ಲ. ಈ ವಯಸ್ಸಲ್ಲಿ ಕಳಿಸೋದಕ್ಕೂ ಆಗಲ್ಲ."

"ಇನ್ನೆರಡು ವರ್ಷಕ್ಕೆ ರಿಟೈರ್ ಆಗ್ತಾರೆ ಸಾರ್. ಆ ಮಕ್ಕಳು ಬಿಟ್ರೆ ಅವರಿಗೆ ಬೇರೆ ಏನೂ ಇಲ್ಲ."

ಅದು ನಿಜವೇ. ಮೇಷ್ಟ್ರ ಹೆಂಡತಿ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ.

"ಅದಕ್ಕೇ ಹೇಳ್ತಿರೋದು. ಮುಂದಿನ ಸಭೇಲಿ ಅವರ ಕೈಲೊಂದು ಮಾದರಿ ಪಾಠ ಮಾಡಿಸಿ. ನಾನೂ ಬಂದು ಕೂತ್ಕೋತೀನಿ. ಎಲ್ರೂ ಚೆನ್ನಾಗಿದೆ ಅಂದ್ರೆ, ಅದನ್ನೇ ಬರೆದು, ಇರೋವರೆಗೂ ಅಲ್ಲೇ ಇರ್ಲಿ ಅಂತ ಶಿಫಾರಸು ಮಾಡ್ತೀನಿ."

ಈಗ ಯೋಚಿಸಿದರೆ ಎಷ್ಟು ಸುಲಭವಿತ್ತು. ನಾನು ಏನೂ ಮಾಡದೆ ಸುಮ್ಮನಿದ್ದು, ರವೆ ಹುರಿದುಕೊಂಡಿದ್ದರೆ ಸಾಕಿತ್ತು. ಹಿರಿಯರು ಎದ್ದು ಬಹಳ ಚೆನ್ನಾಗಿತ್ತು ಎನ್ನುತ್ತಿದ್ದರು, ಉಳಿದವರು ಒಪ್ಪಿಗೆ ಎನ್ನುತ್ತಿದ್ದರು, ಇನ್ಸ್‌ಪೆಕ್ಟರು ಬರೆದುಕೊಂಡು ಹೋಗುತ್ತಿದ್ದರು. ನನಗೆ ಅದು ಸಾಲದಾಯಿತು. ಎಲ್ಲರ ಪಾಠಕ್ಕೂ ಹೇಳುವ ಹೊಗಳಿಕೆಗೆ ಏನು ಬೆಲೆ? ಹೆಸರಿಲ್ಲದ ಚೀಟಿಯಲ್ಲಿ ಎಲ್ಲರೂ ಮನಸ್ಸಿನಿಂದ ಚೆನ್ನಾಗಿತ್ತು ಎಂದು ಬರೆದರೆ, ಅದನ್ನು ಯಾರು ಅಲ್ಲಗಳೆಯುತ್ತಾರೆ? ಮೇಷ್ಟ್ರ ಪಾಠ ಚೆನ್ನಾಗಿಯೇ ಇರುತ್ತದೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಅವರ ಕೈಯಲ್ಲಿ ಅಕ್ಷರ ಕಲಿತವಳು ನಾನೇ ಅಲ್ಲವೇ.

ಭಾನುವಾರ ಊರಿಗೆ ಹೋದಾಗ ಮೇಷ್ಟ್ರು ಹೊಂಗೆ ಮರದ ಕೆಳಗೆ ಮರಳು ಜರಡಿ ಹಿಡಿಯುತ್ತಿದ್ದರು.

"ಬಾರವ್ವ, ಮೇಡಮ್ಮೋರು ನಮ್ ಕಡೀಕೆ ಬಂದ್ಬುಟ್ರು! ಕೂತ್ಕ. ಮರಳ್ ಮ್ಯಾಲೆ ಕೂತ್ಕೊಬೇಡ, ಸೀರೆ ಹಾಳಾಯ್ತದೆ."

"ಮೇಷ್ಟ್ರೇ, ಈ ಶನಿವಾರ ನಿಮ್ ಪಾಠ ಇಟ್ಕೊಂಡಿದೀನಿ. ನಮ್ ಶಾಲೇಲಿ."

"ನಂದಾ? ನಾನೇನ್ ಹರಿಕಥೆ ದಾಸ್ನ?"

ಇನ್ಸ್‌ಪೆಕ್ಟರು ಹೇಳಿದ್ದನ್ನೆಲ್ಲ ಬಿಚ್ಚಿ ಹೇಳಿದೆ. ಅವರು ಜರಡಿಯನ್ನು ಕೆಳಗಿಟ್ಟರು.

"ಹಂಗಾರೆ, ನಾನ್ ಸರಿಯಾಗ್ ಮಾಡ್ದಿದ್ರೆ ಮಕ್ಳನ್ನ ಕಿತ್ಕತಾರೆ ಅನ್ನು."

"ಯಾರೂ ಕಿತ್ಕೊಳಲ್ಲ. ನೀವು ದಿನಾ ಮಾಡೋ ಹಂಗೇ ಮಾಡಿ, ಸಾಕು."

"ಶುಕ್ರವಾರ ಬಂದು ಒಂದ್ ಸಲಿ ನೋಡ್ಬುಡವ್ವ. ಎಲ್ಲಾನ ತಪ್ಪಿದ್ರೆ ಹೇಳು, ತಿದ್ಕತೀನಿ."

"ಹಂಗೆಲ್ಲ ಮೊದ್ಲೇ ನೋಡ್ಬಾರ್ದು ಮೇಷ್ಟ್ರೇ. ನಾಟಕ ಆಗ್ಬಿಡುತ್ತೆ."

"ನಾಟಕದೋರೂ ಪ್ರಾಕ್ಟೀಸ್ ಮಾಡ್ತಾರಲ್ಲವ್ವ" ಎಂದು ನಕ್ಕರು. ಆಮೇಲೆ ಮತ್ತೆ ಜರಡಿ ಎತ್ತಿಕೊಂಡರು. "ಆಯ್ತು ಬುಡು. ನೀನೇ ಇರ್ತೀಯಲ್ಲ ಅಲ್ಲಿ. ನಂಗೇನ್ ಭಯ."

ಶನಿವಾರ ಅವರು ಊರಿನ ಒಂದು ಎತ್ತಿನ ಗಾಡಿಯಲ್ಲಿ ಬಂದಿಳಿದರು. ಜೊತೆಗೆ ಹದಿನಾಲ್ಕು ಮಕ್ಕಳು, ಎರಡು ಮೂಟೆ ಮರಳು. ಮಕ್ಕಳಿಗೆ ಎಣ್ಣೆ ಹಚ್ಚಿ ತಲೆ ಬಾಚಿದ್ದರು, ಒಗೆದ ಬಟ್ಟೆ ಹಾಕಿಸಿದ್ದರು. ಕೆಲವರು ಕೆರೆಯನ್ನು ಬಿಟ್ಟ ಬಾಯಿ ಬಿಟ್ಟ ಹಾಗೇ ನೋಡುತ್ತಿದ್ದರು. ಮೇಷ್ಟ್ರು ತಾವೇ ಮರಳು ಸುರಿದು, ಹರಡಿ, ಅಂಗೈಯಲ್ಲಿ ಸವರಿದರು. ಹಿಂದಿನ ಬೆಂಚುಗಳಲ್ಲಿ ಇಪ್ಪತ್ತೆರಡು ಮಂದಿ ಉಪಾಧ್ಯಾಯರು, ನಾನೂ ಸೇರಿ. ಪಕ್ಕದಲ್ಲಿ ಕುರ್ಚಿಯ ಮೇಲೆ ಇನ್ಸ್‌ಪೆಕ್ಟರು.

ಮೇಷ್ಟ್ರು ಆಚಾರಿಯ ಮನೆಯಿಂದ ನಿಜವಾದ ಗರಗಸವನ್ನೇ ತಂದಿದ್ದರು. ಅದನ್ನು ಎತ್ತಿ ಹಿಡಿದರು.

"ಇದೇನ್ ಮಕ್ಳಾ? ಗರಗಸ. ಇದ್ರಾಗೆ ಏನ್ ಕುಯ್ತಾರೆ? ಮರ. ಯಾರ್ ಕುಯ್ತಾರೆ? ಆಚಾರಿ."

ಮಕ್ಕಳು ಬಾಯಿ ತೆರೆಯುವಷ್ಟರಲ್ಲಿ ಉತ್ತರ ಬಂದುಬಿಡುತ್ತಿತ್ತು. ಮುಂದಿನ ಪ್ರಶ್ನೆ, ಮುಂದಿನ ಉತ್ತರ, ಎರಡೂ ಅವರದ್ದೇ. ನಾನು ಚಿಕ್ಕವಳಿದ್ದಾಗಲೂ ಹಾಗೇ ಇದ್ದಿರಬೇಕು, ಆಗ ನನಗೆ ಕಂಡಿರಲಿಲ್ಲ. ಈಗ ತರಬೇತಿಯ ಕಣ್ಣಿಗೆ ಅದು ಚುಚ್ಚಿತು. ಆದರೆ ಆಮೇಲೆ ಅವರು ಮಂಡಿಯೂರಿ, ಒಂದೊಂದೇ ಮಗುವಿನ ಬೆರಳು ಹಿಡಿದು ಗ ಅಕ್ಷರ ತಿದ್ದಿಸಿದರಲ್ಲ, ಅದನ್ನು ನೋಡಬೇಕಿತ್ತು. ಹದಿನಾಲ್ಕು ಬೆರಳು, ಒಂದಕ್ಕೂ ಅವಸರವಿಲ್ಲ. ಮರಳಿನ ಮೇಲೆ ಹದಿನಾಲ್ಕು ದುಂಡನೆಯ ಗ ಮೂಡಿತು.

ಪಾಠ ಮುಗಿಯಿತು. ನಾನು ಚೀಟಿ ಹಂಚಿದೆ. ಎಲ್ಲರೂ ತಲೆ ಬಗ್ಗಿಸಿ ಬರೆದರು. ನಾನೂ ಬರೆದೆ. ನಾನು ಬರೆಯಲೇಬೇಕೆಂದು ಯಾರೂ ಹೇಳಿರಲಿಲ್ಲ. ಕಾರ್ಯದರ್ಶಿಯಾದವಳು ಪ್ರಾಮಾಣಿಕಳಾಗಿರಬೇಕು ಎಂದುಕೊಂಡು ಹೀಗೆ ಬರೆದೆ: "ಪ್ರಶ್ನೆಯನ್ನೂ ತಾವೇ ಕೇಳಿ ಉತ್ತರವನ್ನೂ ತಾವೇ ಹೇಳುತ್ತಾರೆ. ಮಕ್ಕಳಿಗೆ ಬಾಯಿ ಬಿಡಲು ಅವಕಾಶವೇ ಇಲ್ಲ." ಬೆರಳು ಹಿಡಿದು ತಿದ್ದಿಸಿದ್ದರ ಬಗ್ಗೆ ಒಂದು ಮಾತೂ ಬರೆಯಲಿಲ್ಲ. ಅದು ನನಗೆ ಗೊತ್ತಿದ್ದ ಸಂಗತಿ, ಬರೆಯಬೇಕೆಂದೇ ತೋಚಲಿಲ್ಲ.

ನನ್ನ ಯೋಜನೆಯ ಹಾಳೆಯಲ್ಲಿ ಪಾಠಕ್ಕೆ ಇಷ್ಟು ನಿಮಿಷ, ಬರೆಯುವುದಕ್ಕೆ ಇಷ್ಟು, ಓದುವುದಕ್ಕೆ ಇಷ್ಟು, ಕಾಫಿಗೆ ಇಷ್ಟು ಎಂದು ಎಲ್ಲವೂ ಇತ್ತು. ಪಾಠ ಮುಗಿದ ಮೇಲೆ ಮಕ್ಕಳನ್ನು ಎಲ್ಲಿಗೆ ಕಳಿಸಬೇಕು ಎಂಬ ಒಂದು ಸಾಲು ಮಾತ್ರ ಇರಲಿಲ್ಲ. ಅವರು ಮರಳಿನ ಮುಂದೆ ಕೂತಲ್ಲೇ ಕೂತಿದ್ದರು. ಮೇಷ್ಟ್ರು ಅವರ ಪಕ್ಕದಲ್ಲೇ ಗೋಡೆಗೊರಗಿ ನಿಂತಿದ್ದರು. ನಾನು ಡಬ್ಬಿ ತೆರೆದು ಓದಲು ಶುರು ಮಾಡಿದೆ.

ಮೊದಲ ಎರಡು ಚೀಟಿಯಲ್ಲಿ ಬಹಳ ಚೆನ್ನಾಗಿತ್ತು ಎಂದೇ ಇತ್ತು. ಮೂರನೆಯದರಲ್ಲಿ: "ಪಂಚೆಯನ್ನು ಮೊಳಕಾಲಿನ ಮೇಲೆ ಎತ್ತಿ ಕಟ್ಟಿದ್ದು ಉಪಾಧ್ಯಾಯರಿಗೆ ಶೋಭೆಯಲ್ಲ." ಯಾರೋ ಕಿಸಕ್ಕೆಂದರು. ನಾಲ್ಕನೆಯದು: "ಮರಳಿನ ಕಾಲ ಹೋಯಿತು. ಸ್ಲೇಟು ಎಂಬ ಪದಾರ್ಥವಿದೆ ಎಂದು ಯಾರಾದರೂ ಇವರಿಗೆ ತಿಳಿಸಬೇಕು." ಈಗ ನಗು ಜೋರಾಯಿತು. ಒಂದರಲ್ಲಿ ಮೇಷ್ಟ್ರು ನಶ್ಯ ಏರಿಸುವ ವಿಷಯ. ಇನ್ನೊಂದರಲ್ಲಿ "ತರಬೇತಿ ಇಲ್ಲದವರು ಮಾದರಿ ಪಾಠ ಮಾಡಿದರೆ ತರಬೇತಿ ಆದವರು ಎಲ್ಲಿಗೆ ಹೋಗಬೇಕು?" ಹೆಸರು ಹಾಕಬೇಕಾಗಿಲ್ಲ ಎಂದ ಕೂಡಲೇ, ಎಷ್ಟೋ ವರ್ಷದಿಂದ ಚೆನ್ನಾಗಿತ್ತು ಚೆನ್ನಾಗಿತ್ತು ಎಂದು ನುಂಗಿಕೊಂಡಿದ್ದ ಹೊಟ್ಟೆಯುರಿಯೆಲ್ಲ ಒಟ್ಟಿಗೆ ಹೊರಗೆ ಬಂದಿತ್ತು. ಅದು ಮೇಷ್ಟ್ರ ಮೇಲಿನ ಸಿಟ್ಟೇ ಅಲ್ಲ. ಬಿದ್ದದ್ದು ಮಾತ್ರ ಅವರ ಮೇಲೆ.

ನಾನು ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಅರ್ಧ ಓದಿ ಬಿಟ್ಟರೆ ಅಪ್ರಾಮಾಣಿಕತೆ ಆಗುತ್ತದೆ ಎಂದು ಓದುತ್ತಲೇ ಹೋದೆ. ನನ್ನ ಚೀಟಿಯೂ ಕೈಗೆ ಬಂತು. ಬೇರೆ ಯಾರೋ ಬರೆದದ್ದು ಎಂಬಂತೆ, ದನಿ ಬದಲಾಯಿಸದೆ ಅದನ್ನೂ ಓದಿದೆ.

ಆಗ ಮೂಲೆಯಲ್ಲಿ ಕೂತಿದ್ದ ಒಂದು ಪುಟ್ಟ ಹುಡುಗಿ ಮೇಷ್ಟ್ರ ಪಂಚೆ ಹಿಡಿದೆಳೆದು ಕೇಳಿದಳು. ಮೆಲ್ಲಗೇ ಕೇಳಿದ್ದು, ಆದರೆ ಎಲ್ಲರಿಗೂ ಕೇಳಿಸಿತು.

"ಮೇಷ್ಟ್ರೇ, ನಿಮ್ಮನ್ ಯಾಕ್ ಬೈತಾವ್ರೆ?"

ಮೇಷ್ಟ್ರು ಬಗ್ಗಿ ಅವಳ ತಲೆ ಮುಟ್ಟಿದರು.

"ಬೈತಿಲ್ಲ ಕಣವ್ವ. ನಂಗೂ ಪಾಠ ಹೇಳ್ಕೊಡ್ತಾವ್ರೆ."

ಆ ದಿನ ಉಪ್ಪಿಟ್ಟು ಬಿಸಿಯಾಗಿಯೇ ಇತ್ತು. ಮೇಷ್ಟ್ರು ಮಕ್ಕಳಿಗೆಲ್ಲ ಬಡಿಸಿ, ಕೈ ತೊಳೆಸಿ, ಗಾಡಿಗೆ ಹತ್ತಿಸಿದರು. ಅವರು ತಿಂದದ್ದನ್ನು ನಾನು ನೋಡಲಿಲ್ಲ. ಹೊರಡುವಾಗ ನನ್ನ ಹತ್ತಿರ ಬಂದು ಕೈ ಚಾಚಿದರು.

"ಆ ಚೀಟಿಗಳ್ನ ಕೊಡವ್ವ. ಮನೇಲಿ ನಿಧಾನಕ್ಕೆ ಓದ್ಕತೀನಿ."

ಇಪ್ಪತ್ತೆರಡನ್ನೂ ಕೊಟ್ಟೆ. ಟವಲಿನ ತುದಿಗೆ ಗಂಟು ಹಾಕಿಕೊಂಡು ಹೋದರು.

ತಿಂಗಳೊಳಗೆ ಆದೇಶ ಬಂತು. ಮೇಷ್ಟ್ರಿಗೆ ಜಯನಗರದ ಪಕ್ಕದ ಸಿದ್ದಾಪುರದ ಕಡೆಯ ಒಂದು ಮಿಡ್ಲ್‌ಸ್ಕೂಲಿಗೆ ವರ್ಗ. ಅಲ್ಲಿ ಅವರಿಗೆ ತರಗತಿಯೇ ಇಲ್ಲ. ಹಾಜರಿ ಪುಸ್ತಕ ಬರೆಯುವುದು, ಗಂಟೆ ಹೊಡೆಸುವುದು, ತಕಲಿ ಪೀರಿಯಡ್ಡಿನಲ್ಲಿ ದೊಡ್ಡ ಹುಡುಗರು ನೂಲು ತೆಗೆಯುವಾಗ ಗಲಾಟೆ ಆಗದಂತೆ ನೋಡಿಕೊಳ್ಳುವುದು. ನಮ್ಮೂರ ಒಂದನೇ ತರಗತಿಗೆ ಪೇಟೆಯಿಂದ ತರಬೇತಿ ಆದ ಹೊಸ ಹುಡುಗಿಯೊಬ್ಬಳು ಬಂದಳು.

ನಾನು ಇನ್ಸ್‌ಪೆಕ್ಟರ ಹತ್ತಿರ ಓಡಿದೆ. ಅವರು ಪೇಟ ತೆಗೆದು ಮೇಜಿನ ಮೇಲಿಟ್ಟು ಹಣೆ ಉಜ್ಜಿಕೊಂಡರು.

"ಇಪ್ಪತ್ತೆರಡು ಜನರ ಅಭಿಪ್ರಾಯ ನನ್ನೆದುರಿಗೇ ಓದಿದ್ರಲ್ಲಮ್ಮ. ಅದನ್ನ ಕೇಳಿದ ಮೇಲೂ ಚೆನ್ನಾಗಿತ್ತು ಅಂತ ನಾನು ಹ್ಯಾಗೆ ಬರೀಲಿ?"

"ತಿದ್ದಿಸಿದ್ದು ನೋಡಿದ್ರಲ್ಲ ಸಾರ್ ನೀವು."

"ನೋಡ್ದೆ. ನಾನು ಅಂಥ ತಿದ್ದಿಸೋದನ್ನ ಎಲ್ಲೂ ನೋಡಿಲ್ಲ. ಆದ್ರೆ ಆ ಚೀಟಿಗಳಲ್ಲಿ ಒಂದಾದ್ರೂ ಅದರ ಬಗ್ಗೆ ಹೇಳಿತ್ತೇನು?"

ಎದ್ದು ಬಂದೆ.

ಆಮೇಲೆ ಎರಡು ತಿಂಗಳು ಮೇಷ್ಟ್ರನ್ನು ನೋಡಲು ಹೋಗಲಿಲ್ಲ. ಊರಿಗೆ ಹೋದರೂ ಅವರ ಮನೆಯ ಓಣಿ ಬಿಟ್ಟು ಬೇರೆ ದಾರಿ ಹಿಡಿಯುತ್ತಿದ್ದೆ. ನನ್ನ ಚೀಟಿಯ ವಿಷಯ ಅವರಿಗೆ ಗೊತ್ತಿಲ್ಲ ಎಂಬುದೊಂದೇ ಧೈರ್ಯ. ಒಂದು ದಿನ ಹೆಡ್‌ಮೇಷ್ಟ್ರ ಮುಂದೆ ಬಾಯಿ ತಪ್ಪಿ ಅದನ್ನೇ ಹೇಳಿದೆ, ಹೆಸರು ಬರೆಸದಿದ್ದದ್ದೇ ಪುಣ್ಯ ಎಂದು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅಲ್ಲಮ್ಮ, ವರ್ಷಾ ವರ್ಷಾ ಒಬ್ಬರ ಶಾಲೆ ಪೇಪರು ಇನ್ನೊಬ್ಬರು ತಿದ್ದೋ ಜನ ನಾವು. ಅಕ್ಷರ ನೋಡಿ ಯಾರದು ಅಂತ ಹೇಳೋದೇ ನಮ್ ಕಸುಬು. ಹೆಸರು ಹಾಕ್ದೇ ಇದ್ರೆ ಗೊತ್ತಾಗಲ್ಲ ಅಂದ್ಕೊಂಡ್ರಾ? ಮೇಷ್ಟ್ರುಗಳ ಮಧ್ಯೆ ಹೆಸರಿಲ್ಲದ ಚೀಟಿ! ನೀವೊಬ್ರೇ ಕಂಡುಹಿಡಿದದ್ದು ಅದನ್ನ."

ಬೇರೆಯವರ ಅಕ್ಷರವಾದರೂ ಅನುಮಾನವಿರಬಹುದು. ನನ್ನದನ್ನು ರೂಪಿಸಿದ್ದೇ ಮೇಷ್ಟ್ರು.

ಮರುದಿನ ರಜೆ ಹಾಕಿ ಸಿದ್ದಾಪುರಕ್ಕೆ ಹೋದೆ. ಮಧ್ಯಾಹ್ನದ ಬಿಡುವು. ಮೇಷ್ಟ್ರು ವರಾಂಡದಲ್ಲಿ ಕೂತು, ಒಂದು ಬುಟ್ಟಿ ತಕಲಿ ಮುಂದಿಟ್ಟುಕೊಂಡು, ಸಿಕ್ಕಾದ ನೂಲು ಬಿಡಿಸುತ್ತಿದ್ದರು. ಪಂಚೆಯನ್ನು ಪಾದದವರೆಗೂ ಇಳಿಬಿಟ್ಟಿದ್ದರು. ನಾನು ಪಂಚೆ ನೋಡಿದ್ದನ್ನು ಅವರು ಗಮನಿಸಿದರು.

"ಪಂಚೆ ಬರೆದೋನು ನಿಮ್ ಪಕ್ಕದ ಶಾಲೆಯೋನು. ಅವನ ಅಕ್ಷರ ಕೋಳಿ ಕೆದಕ್ದಂಗಿರ್ತದೆ. ಆದ್ರೂ ಹೇಳಿದ್ ಸರಿನೇ, ಪೇಟೇಲಿ ಚೆಂದ ಕಾಣಲ್ಲ."

"ಮೇಷ್ಟ್ರೇ, ಅದ್ರಲ್ಲಿ ಒಂದು ಚೀಟಿ..."

"ಗೊತ್ತು ಕಣವ್ವ. ಕೂತ್ಕ."

"ನಾನು ಬರೀಬಾರ್ದಾಗಿತ್ತು."

"ಯಾಕ್ ಬರೀಬಾರ್ದು? ಇಪ್ಪತ್ತೆರಡ್ರಾಗೆ ಪಾಠದ್ ವಿಷ್ಯ ಬರ್ದಿದ್ದು ಅದೊಂದೇಯ." ನೂಲಿನ ಗಂಟನ್ನು ಹಲ್ಲಿನಿಂದ ಎಳೆದು ಬಿಡಿಸಿದರು. "ಅವತ್ತೆಲ್ಲ ಯೋಚ್ನೆ ಮಾಡ್ದೆ. ಮಗಾ ಉತ್ತರ ತಿಳೀದೆ ತಲೆ ತಗ್ಗಿಸ್ಕಂಡ್ರೆ ನಂಗೆ ನೋಡಕ್ಕಾಗಕಿಲ್ಲ. ಅದ್ಕೆ ಬಿರ್ರನೆ ನಾನೇ ಹೇಳ್ಬುಡ್ತಿದ್ದೆ. ಮೂವತ್ ವರ್ಷ ಹಂಗೇ ಮಾಡಿವ್ನಿ. ಅದು ತಪ್ಪು ಅಂತ ಒಬ್ರೂ ಹೇಳಿರ್ನಿಲ್ಲ. ಹೇಳೋರು ಯಾರವ್ರೆ ನಂಗೆ?"

ನಾನು ಬುಟ್ಟಿಯಿಂದ ಒಂದು ತಕಲಿ ಎತ್ತಿಕೊಂಡೆ, ಅವರು ಮುಂದುವರಿಸಿದರು.

"ಸೋಮವಾರದಿಂದ ಕೇಳ್ಬುಟ್ಟು ಸುಮ್ಕೆ ನಿಂತ್ಕಂಡೆ. ಮನಸ್ಸಾಗೆ ಹತ್ತು ಎಣಿಸ್ತಿದ್ದೆ. ಮೊದ್ಲು ಒಂದೂ ಮಾತಾಡ್ಲಿಲ್ಲ. ನಂಗೇ ಅಳು ಬಂದಂಗಾಯ್ತು. ನಾಕ್ ದಿನ ಕಳೀತು ನೋಡು, ಆ ಮೂಲೆ ಹುಡ್ಗಿ ಇಲ್ವ, ಅವತ್ತು ಯಾಕ್ ಬೈತಾವ್ರೆ ಅಂದ್ಳಲ್ಲ, ಅವ್ಳು ಬಾಯ್ ಬಿಟ್ಲು. ಆಮ್ಯಾಕೆ ಒಬ್ಬೊಬ್ರೇ. ಎಷ್ಟ್ ಮಾತಾಡ್ತವೆ ಗೊತ್ತ? ಗರಗಸದಾಗೆ ಏನ್ ಕುಯ್ತಾರೆ ಅಂದ್ರೆ ಒಂದು ಹೇಳ್ತದೆ, ನಮ್ಮಪ್ಪ ಅದ್ರಾಗೆ ಹಲಸಿನಕಾಯಿ ಕುಯ್ದಿದ್ದ ಅಂತ!"

ನಕ್ಕರು. ನಾನೂ ನಗಲು ಹೋದೆ, ಆಗಲಿಲ್ಲ.

"ಮೂರ್ ವಾರ ಹಂಗೆ ಮಾಡ್ದೆ. ಅಷ್ಟರಾಗೆ ಆರ್ಡರ್ ಬಂತು." ಬಿಡಿಸಿದ ತಕಲಿಯನ್ನು ಬುಟ್ಟಿಗೆ ಹಾಕಿ ಇನ್ನೊಂದನ್ನು ಎತ್ತಿಕೊಂಡರು. "ನೀನು ಶುಕ್ರವಾರ ಬಂದು ಅದೊಂದ್ ಮಾತು ನನ್ ಕಿವೀಲಿ ಹೇಳಿದ್ರೆ ಸಾಕಾಗಿತ್ತು ಕಣವ್ವ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಯಾವ ಮಗುವಿಗೋ ಲೆಕ್ಕ ಎಲ್ಲಿ ತಪ್ಪಿತು ಎಂದು ತೋರಿಸುವ ಹಾಗೆ ತೋರಿಸಿದರು ಅಷ್ಟೆ. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತೆ. ಮೈದಾನದಲ್ಲಿ ದೊಡ್ಡ ಹುಡುಗರು ಚೆಂಡಾಡುತ್ತಿದ್ದರು, ಒಬ್ಬನೂ ಈ ಕಡೆ ನೋಡಲಿಲ್ಲ.

ಬಿಡುವು ಮುಗಿಯುವ ಗಂಟೆಗೆ ಇನ್ನೇನು ಹೊತ್ತಾಯಿತು ಎನ್ನುವಾಗ ಅವರೇ ಕೇಳಿದರು.

"ಒಂದ್ ಉಪಕಾರ ಮಾಡ್ತೀಯ? ಆ ಹೊಸ ಮಿಸ್ಸಮ್ಮನ್ನ ಕೇಳು. ಒಂದು ದಿವ್ಸ ಹಿಂದ್ಗಡೆ ಕೂತ್ಕಂಡು ಪಾಠ ನೋಡ್ಲಾ ಅಂತ. ನಾನೇನೂ ಮಾತಾಡಕಿಲ್ಲ. ಮಕ್ಳು ಎಲ್ಲೀಗಂಟ ಬಂದವೆ ಅಂತ ನೋಡ್ಬೇಕು."

ಹೊಸ ಉಪಾಧ್ಯಾಯಿನಿಗೆ ಇಪ್ಪತ್ತು ತುಂಬಿತ್ತೋ ಇಲ್ಲವೋ. ಕೇಳಿದ ಕೂಡಲೇ ಒಪ್ಪಿಕೊಂಡಳು.

"ಅಯ್ಯೋ ಬರ್ಲಿ ಮೇಡಂ. ಮಕ್ಕಳು ದಿನಾ ನಮ್ ಮೇಷ್ಟ್ರು ಯಾವಾಗ ಬರ್ತಾರೆ ಅಂತ ಕೇಳ್ತಾವೆ. ನಂಗೆ ಉತ್ರ ಹೇಳಿ ಹೇಳಿ ಸಾಕಾಗಿದೆ."

ಒಂದು ಶನಿವಾರ ಮೇಷ್ಟ್ರು ತಮ್ಮ ಹಳೆಯ ಶಾಲೆಗೆ ಬಂದರು. ನಾನೂ ಜೊತೆಗಿದ್ದೆ. ಮರಳು ಇರಲಿಲ್ಲ. ನೆಲ ಸಾರಿಸಿದ್ದರು, ಮಕ್ಕಳ ಕೈಯಲ್ಲಿ ಹೊಸ ಸ್ಲೇಟು. ಗೋಡೆಯ ಮೇಲೆ ಬಣ್ಣದ ಚಿತ್ರಗಳು. ಹುಡುಗಿ ಚೆನ್ನಾಗಿಯೇ ಸಿದ್ಧಪಡಿಸಿಕೊಂಡಿದ್ದಳು, ಅದನ್ನು ಹೇಳಲೇಬೇಕು. ಮೇಷ್ಟ್ರನ್ನು ಕಂಡದ್ದೇ 'ಹೋ' ಎಂದು ಎದ್ದ ಮಕ್ಕಳನ್ನು ಅವರೇ ಸುಮ್ಮನಾಗಿಸಿ, ಬಾಗಿಲಿನ ಪಕ್ಕದ ಮಣೆಯ ಮೇಲೆ ಕೂತರು.

ಅವಳು ಒಂದು ಚಿತ್ರ ಎತ್ತಿ ಹಿಡಿದಳು. ಚಿತ್ರದಲ್ಲಿ ಬಾವಿ.

"ಇದು ಏನು? ಯಾರು ಹೇಳ್ತೀರಾ?"

ಹದಿನಾಲ್ಕು ಮಕ್ಕಳೂ ಬಾವಿ ಎಂದು ಕೂಗಿದರು, ಒಬ್ಬರನ್ನು ಮೀರಿಸಿ ಒಬ್ಬರು. ಕೇಳಿಸುವುದಕ್ಕೆ ಸೊಗಸಾಗಿತ್ತು. ಆದರೆ ಎಲ್ಲರೂ ಹಿಂದಕ್ಕೆ ತಿರುಗಿ ಮೇಷ್ಟ್ರ ಮುಖ ನೋಡಿಕೊಂಡು ಕೂಗಿದರು. ಅವಳು ಇನ್ನೊಂದು ಪ್ರಶ್ನೆ ಕೇಳಿದಳು. ಮತ್ತೆ ತಿರುಗಿ, ಮತ್ತೆ ಅವರಿಗೇ ಉತ್ತರ. ಮೂಲೆಯ ಹುಡುಗಿ ನಮ್ಮ ಬಾವಿಯಲ್ಲಿ ಆಮೆ ಇದೆ ಎಂದು ಕಥೆಯನ್ನೇ ಶುರು ಮಾಡಿದಳು, ಅದೂ ಅವರಿಗೇ. ಹೊಸ ಉಪಾಧ್ಯಾಯಿನಿಯ ಮುಂದೆ ಇದ್ದದ್ದು ಬರಿಯ ಹದಿನಾಲ್ಕು ತಲೆಗಳ ಹಿಂಭಾಗ. ಅವಳು ಚಿತ್ರ ಹಿಡಿದ ಕೈಯನ್ನು ಇಳಿಸಿರಲಿಲ್ಲ. ಕಿವಿ ಕೆಂಪಾಗಿತ್ತು.

ಮೇಷ್ಟ್ರು ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕೂತರು, ಯಾರ ಕಣ್ಣಿಗೂ ಸಿಗಬಾರದು ಎಂಬಂತೆ. ಅದರಿಂದಲೂ ಪ್ರಯೋಜನವಾಗಲಿಲ್ಲ. ಆಗ ಎದ್ದರು.

"ಎಲ್ಲಿಗ್ ಮೇಷ್ಟ್ರೇ?" ಎಂದೆ ನಾನು ಪಿಸುದನಿಯಲ್ಲಿ.

"ನಾನಿದ್ರೆ ಆ ಮಗೀಗೆ ಪಾಠ ಮಾಡಕ್ಕಾಗಕಿಲ್ಲ ಕಣವ್ವ. ನೋಡು, ಅವ್ಳ ಮುಖ ನೋಡು."

ಅವರು ಬಾಗಿಲಿಗೆ ಹೋದದ್ದೇ ತಡ, ನಾಲ್ಕೈದು ಮಕ್ಕಳು ಸ್ಲೇಟು ಬಿಟ್ಟು ಹಿಂದೆ ಓಡಿದವು. ಅವರು ಹೊಸಿಲಲ್ಲಿ ನಿಂತು ತಿರುಗಿದರು.

"ಕೂತ್ಕಳಿ. ಮಿಸ್ಸಮ್ಮ ಕೇಳ್ತಾವ್ರಲ್ಲ, ಅವ್ರಿಗ್ ಹೇಳಿ."

ಮಕ್ಕಳು ಹಿಂದಕ್ಕೆ ಹೋಗಿ ಕೂತರು. ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡು ಅವರೆ ಹೊಲದ ಬದಿಯ ಕಾಲುದಾರಿಯಲ್ಲಿ ಹೊರಟುಹೋದರು. ಒಳಗೆ ಹುಡುಗಿ ಮತ್ತೆ ಕೇಳಿದಳು. ಈ ಸಲ ಉತ್ತರ ಅವಳ ಕಡೆಗೇ ಬಂತು. ಮೊದಲಿನಷ್ಟು ಜೋರಾಗಿ ಅಲ್ಲ.

ಅವರು ಮತ್ತೆ ಆ ಶಾಲೆಗೆ ಬರಲಿಲ್ಲ. ಉಳಿದ ಎರಡು ವರ್ಷವನ್ನು ತಕಲಿಯ ಬುಟ್ಟಿಯ ಮುಂದೆ ಕಳೆದು ನಿವೃತ್ತರಾದರು.